ಒಂದೇ ಮನೆ, ಒಂದೇ ಗಾಳಿ

ನನ್ನ ತಂಗಿಯ ಗಂಡ ಉಮಾಪತಿ ಒಳ್ಳೆಯವನು. ನನಗೆ ಕಷ್ಟವಾಗಿದ್ದು ಅದೇ.

ಆ ದಿನ ಕುರುಗೋಡಿನ ಬಸ್‌ಸ್ಟ್ಯಾಂಡಿಗೆ ಅವನೇ ಕಾರು ತಂದಿದ್ದ. ನನ್ನ ಮೊಣಕಾಲು ನೋವು ನೆನಪಿಟ್ಟುಕೊಂಡು ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿದ್ದ.

"ಅಕ್ಕಾರ, ಬಳ್ಳಾರಿಯಿಂದ ನಿಂತ್ಕೊಂಡು ಬಂದ್ರೇನ್ರಿ? ಒಂದು ಫೋನ್ ಮಾಡಿದ್ರ ಮನೀಗೇ ಕಾರು ಕಳಿಸ್ತಿದ್ನಲ್ರಿ."

"ಇಲ್ರಿ, ಯಾವುದೋ ಕಾಲೇಜು ಹುಡುಗಿ ಎದ್ದು ಸೀಟು ಕೊಟ್ಲು," ಅಂದೆ.

ನನ್ನ ಚೀಲದಲ್ಲಿ ಅವನ ಆಮಂತ್ರಣ ಪತ್ರಿಕೆ ಇತ್ತು. ಕುರುಗೋಡು ನಮ್ಮ ತವರು. ಮಠದವರು ಅಲ್ಲಿ ನಡೆಸುವ ಸಣ್ಣ ಆಸ್ಪತ್ರೆಗೆ, 'ಕೊರೋನಾಕ್ಕೆ ಬಲಿಯಾದ ದಾಕ್ಷಾಯಣಮ್ಮನವರ' ನೆನಪಿಗೆ ಅವನು ಆಪರೇಷನ್ ಕೋಣೆ ಕಟ್ಟಿಸಿಕೊಟ್ಟಿದ್ದ. ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವಳೆಂದು ನನಗೆ ಭಾಷಣ ಇಟ್ಟಿದ್ದರು.

ನನ್ನ ತಂಗಿಯನ್ನು ಕೊಂದದ್ದು ಕೊರೋನಾ ಅಲ್ಲ.

ಐದು ವರ್ಷದ ಹಿಂದೆ, ಕೊರೋನಾದ ಆ ಮೊದಲ ಮಳೆಗಾಲದಲ್ಲಿ, ದಾಕ್ಷಾಯಣಿಯ ಎದೆಯಲ್ಲಿ ಗಂಟು ಕಾಣಿಸಿತು. "ಇನ್ನೂ ಸಣ್ಣದಿದೆ, ಈಗಲೇ ತೆಗೆದರೆ ಭಯವಿಲ್ಲ," ಎಂದರು ಬಳ್ಳಾರಿಯ ಸರ್ಜನ್ ಡಾಕ್ಟರ್ ಸಿದ್ದಲಿಂಗೇಶ್. ಆಗ ಹರ್ನಿಯಾ, ಕಣ್ಣು, ಗರ್ಭಕೋಶ ಎಲ್ಲ ಆಪರೇಷನ್‌ಗಳೂ ನಿಂತಿದ್ದವು. ವಾರಕ್ಕೆ ನಾಲ್ಕೈದು ಮಾತ್ರ. ಯಾರ ಯಾರ ಹತ್ತಿರವೋ ವಾದ ಮಾಡಿ ಅವರು ಈಕೆಗೊಂದು ದಿನ ಗೊತ್ತುಮಾಡಿದರು. ಸೋಂಕಿಲ್ಲ ಎಂಬ ರಿಪೋರ್ಟ್ ತಂದರೆ ಸಾಕಿತ್ತು. ಪರೀಕ್ಷೆ ಸಿರುಗುಪ್ಪದಲ್ಲಿ, ದಾಕ್ಷಾಯಣಿಯ ಗಂಡನ ಊರಲ್ಲೇ ಆಯಿತು. ರಿಪೋರ್ಟ್ ಪಾಸಿಟಿವ್ ಬಂತು. ಪಟ್ಟಿಯಿಂದ ಹೆಸರು ಹೋಯಿತು. ಆಮೇಲೆ ಆಪರೇಷನ್ ವಾರ್ಡೇ ಜ್ವರದವರಿಂದ ತುಂಬಿತು. ಅರಿವಳಿಕೆ ಕೊಡುವವರು ವೆಂಟಿಲೇಟರ್ ಕಾಯಲು ಹೋದರು, ಸರ್ಜನ್‌ಗಳು ಆಕ್ಸಿಜನ್ ಅಳೆಯಲು ನಿಂತರು. ಮತ್ತೆ ದಿನ ಸಿಕ್ಕಿದ್ದು ಜನವರಿಯಲ್ಲಿ. ಅಷ್ಟರೊಳಗೆ ರೋಗ ಬೆನ್ನುಮೂಳೆಗೆ ಇಳಿದಿತ್ತು. ಜೂನಿನಲ್ಲಿ ದಾಕ್ಷಾಯಣಿ ಹೋದಳು.

ಇದೆಲ್ಲ ಕಾಲದ ತಪ್ಪು ಎಂದುಕೊಂಡು ನಾನೂ ಸುಮ್ಮನಿದ್ದೆ. ಹೋದ ವರ್ಷ ನಾಗಲಕ್ಷ್ಮಿ ನನ್ನ ಮನೆಗೆ ಬಂದಳು. ಸಿರುಗುಪ್ಪದಲ್ಲಿ ಆಗ ಗಂಟಲು, ಮೂಗಿಗೆ ಕಡ್ಡಿ ಹಾಕಿ ದ್ರವ ತೆಗೆಯುತ್ತಿದ್ದವಳು. ಕೊಟ್ಟ ಚಹಾ ಕುಡಿಯಲಿಲ್ಲ.

"ನಿಮ್ಮ ತಂಗಿ ಕಾರಿನಿಂದ ಇಳೀಲೇ ಇಲ್ರಿ ಮೇಡಂ. ಅವರ ಚೀಟಿ ಹಿಡ್ಕೊಂಡು ಯಜಮಾನ್ರು ಬಂದ್ರು. ಅವರಿಗಾ ನಾಲ್ಕು ದಿನದಿಂದ ಕೆಮ್ಮು ಇತ್ತಂತ, ಏನಂತ ತಿಳೀಬೇಕಿತ್ತಂತ. ತಮ್ಮ ಹೆಸರು ಬಂದ್ರ ಗೊಬ್ಬರದಂಗಡಿ ಸೀಲ್ ಮಾಡ್ತಾರ, ಬಿತ್ತನಿ ಟೈಮು ಅಂದ್ರು. 'ಒಂದಾ ಮನಿ, ಒಂದಾ ಗಾಳಿ, ಯಾರು ಕೊಟ್ರೇನು, ನಂದಾ ತಗೋಳವ್ವ' ಅಂದ್ರು. ಇನ್ನೂರು ಮಂದಿ ಪಾಳಿ ನಿಂತಿದ್ರು. ತಗೊಂಡೆ. ನಂದೂ ತಪ್ಪೈತ್ರಿ."

ತನ್ನ ಮೂಗಿಗೆ ಯಾರೂ ಕಡ್ಡಿ ಹಾಕಲಿಲ್ಲ ಎಂಬುದು ದಾಕ್ಷಾಯಣಿಗೆ ಗೊತ್ತಿತ್ತು. ಸಾಯುವತನಕ ಬಾಯಿ ಬಿಡಲಿಲ್ಲ. ಅದು ಆಕೆಯ ದೊಡ್ಡತನ, ನನ್ನದಲ್ಲ. ಅಂದೇ ಅವನ ಅಂಗಡಿಗೆ ಹೋಗಿ ಕೇಳಬಹುದಿತ್ತು. ಅಂಗಡಿಯಲ್ಲಿ ನಾಲ್ಕು ಜನ ಇರುತ್ತಾರೆ. ನನಗೆ ನಾನೂರು ಜನ ಬೇಕಿತ್ತು. ಕಾದೆ. ಹಬ್ಬಕ್ಕೆ ಅವನ ಮನೆಗೆ ಹೋದೆ, ನನ್ನ ಹಲ್ಲಿಗಾಗುವಂತೆ ಅವನು ಹಾಲಿನಲ್ಲಿ ನೆನೆಸಿ ಕೊಟ್ಟ ರೊಟ್ಟಿ ತಿಂದೆ, ಅವನ ಮಗಳು ಅರುಣಾಳ ತಲೆ ಬಾಚಿದೆ.

ಈಗ ಮಠದ ಸಭಾಂಗಣದಲ್ಲಿ ನಾನೂರು ಜನ ಎದುರಿಗಿದ್ದರು. ಮೊದಲು ಮಾತಾಡಿದವರು ಡಾಕ್ಟರ್ ಸಿದ್ದಲಿಂಗೇಶ್. ಅವರು ಬಲಗೈ ಎತ್ತಿ ತೋರಿಸಿದರು.

"ಆ ತಾಯಿಯ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದ್ದು ಇದೇ ಕೈ. ಇನ್ನೊಂದು ಪರೀಕ್ಷೆ ಮಾಡಿಸಿ ಎನ್ನಬಹುದಿತ್ತು. ಅನ್ನಲಿಲ್ಲ. ಈ ಕುಟುಂಬದ ಕ್ಷಮೆ ಕೇಳುತ್ತೇನೆ."

ಉಮಾಪತಿ ಎದ್ದು ಅವರ ಭುಜ ಹಿಡಿದು ಕೂರಿಸಿದ. "ಬಿಡ್ರಿ ಡಾಕ್ಟ್ರೇ, ನಿಮ್ಮ ತಪ್ಪೇನೈತಿ? ನಾವು ಯಾವತ್ತೋ ಕ್ಷಮಿಸೀವಿ." ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ನಿಲ್ಲುವ ಮೊದಲೇ ನಾನು ಮೈಕಿನ ಮುಂದಿದ್ದೆ.

"ನನ್ನ ತಂಗಿ ಹಾಸಿಗೆ ಹಿಡಿದಾಗ ಉಮಾಪತಿಯವರು ಆಕೆಗೆ ಗಂಜಿ ಕುಡಿಸಿದ್ದಾರೆ, ಮೈ ತೊಳೆದಿದ್ದಾರೆ. ಅದನ್ನು ನಾನು ನೋಡಿದ್ದೇನೆ, ಸುಳ್ಳು ಹೇಳಲಾರೆ," ಎಂದೆ. ಆಮೇಲೆ ಅವನ ಕಡೆ ತಿರುಗಿದೆ. "ಉಮಾಪತಿಯವರ, ಒಂದು ಮಾತು ಹೇಳ್ರಿ. ಸಿರುಗುಪ್ಪದಾಗ ಆ ದಿನ ಮೂಗಿಗೆ ಕಡ್ಡಿ ಹಾಕಿಸ್ಕೊಂಡೋರು ಯಾರು?"

ಅವನು ನಕ್ಕ. "ಅಕ್ಕಾರ, ಈಗ ಅದೆಲ್ಲ ಯಾಕ್ರಿ..."

"ನಾಗಲಕ್ಷ್ಮಿ ಮೂರನೇ ಸಾಲಿನಾಗ ಕುಂತಾಳ. ಆಕಿನ್ನ ಕೇಳಲೇನ್ರಿ?"

ನಗು ಹೋಯಿತು. ಅರುಣಾ ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತಳು. "ಅಪ್ಪಾ, ಹೇಳ್ರಿ."

"ನಾನಾ ಕೊಟ್ಟೆ," ಅಂದ. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. "ಧೂಳಿನ ಕೆಮ್ಮು ಅನ್ಕೊಂಡಿದ್ದೆ. ಹಿಂಗಾಗತೈತಿ ಅಂತ..."

ಡಾಕ್ಟರ್ ಎದ್ದು ನಿಂತರು. "ಅಂದರೆ ಆಕೆಗೆ ಸೋಂಕು ಇತ್ತೋ ಇಲ್ಲವೋ ಯಾರೂ ನೋಡಲೇ ಇಲ್ಲ?"

ಹಿಂದಿನ ಸಾಲಿನಿಂದ ನಮ್ಮೂರ ಮುದುಕ ಜಡೆಪ್ಪನ ದನಿ ಬಂತು. "ಹೆಂಡತಿ ಜೀವ ತಗೊಂಡು ಕ್ವಾಣಿ ಕಟ್ಟಿಸ್ಯಾನಲೇ!" ಕೆಲವರು ನಕ್ಕರು. ಆ ನಗು ನನಗೆ ಸಿಹಿಯಾಗಿತ್ತು. ಮುಚ್ಚಿಡುವುದೇಕೆ?

ಅರುಣಾ ಪರದೆ ಹಾಕಿದ್ದ ಹೆಸರಿನ ಫಲಕದ ಮುಂದೆ ಹೋಗಿ ನಿಂತು, "ಈ ಪರದೆ ಇವತ್ತು ತೆಗೀಬ್ಯಾಡ್ರಿ," ಎಂದು ವೇದಿಕೆಯ ಮೇಲಿದ್ದ ಮಠದ ಸ್ವಾಮಿಗಳಿಗೆ ಕೈಮುಗಿದಳು. ಆಮೇಲೆ ನನ್ನ ಹತ್ತಿರ ಬಂದಳು.

"ದೊಡ್ಡಮ್ಮ, ನಿಮಗ ಯಾವಾಗ ಗೊತ್ತಾತು?"

"ಒಂದು ವರ್ಷ ಆತು."

"ವರ್ಷದಿಂದ ನನ್ನ ತಲಿ ಬಾಚಿದ್ರಿ. ನನಗೊಬ್ಬಾಕಿಗೆ ಹೇಳಾಕ ಆಗಲಿಲ್ಲೇನ್ರಿ?"

ನನ್ನ ಹತ್ತಿರ ಉತ್ತರವಿತ್ತು. ಅವಳಿಗೆ ಕೊಡುವಂಥದ್ದಾಗಿರಲಿಲ್ಲ. ಅವಳು ನನ್ನನ್ನೂ ದಾಟಿ, ಅಪ್ಪನನ್ನೂ ದಾಟಿ ಹೊರಗೆ ನಡೆದಳು. ಡಾಕ್ಟರ್ ಅವಳ ಹಿಂದೆ ಹೋಗಿ ನೀರಿನ ಬಾಟಲಿ ಕೊಟ್ಟು, ಪಕ್ಕದಲ್ಲಿ ನಿಂತರು.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಉಮಾಪತಿ ರಾಶಿಯಲ್ಲಿ ನನ್ನ ಚಪ್ಪಲಿ ಹುಡುಕಿ ತಂದು ಕಾಲ ಮುಂದೆ ಇಟ್ಟ. ಬಗ್ಗಿದವನು ಏಳಲಿಲ್ಲ.

"ಅಂಜಿಕಿ ಆಗಿತ್ರಿ ಅಕ್ಕಾರ," ಅಂದ.

"ಆಕಿಗೂ ಆಗಿತ್ತು," ಅಂದೆ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.