ಬಸ್ಸಿನಿಂದ ಕಾಣುವ ಅಕ್ಷರ

"ಇನ್ನೂ ದಪ್ಪ ಮಾಡಮ್ಮ. ಬಸ್ಸಲ್ಲಿ ಕುಂತೋರ್ಗೂ ಕಾಣ್ಬೇಕು" ಎಂದರು ರಾಮಲಿಂಗಯ್ಯ.

ಸುಚಿತ್ರಾಳ ಕೈ ಮೌಸಿನ ಮೇಲೇ ನಿಂತಿತು. ಮಾಗಡಿಯ ಈ ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಅವಳು ಅದೆಷ್ಟು ಹುಟ್ಟುಹಬ್ಬ, ಅದೆಷ್ಟು ತಿಥಿಯ ಬ್ಯಾನರ್ ಮಾಡಿಲ್ಲ! ಆದರೆ ಬದುಕಿರುವ ಹುಡುಗಿಗೆ ಶ್ರದ್ಧಾಂಜಲಿ ಬರೆಯುವ ಕರ್ಮ ಇವತ್ತೇ ಬಂದದ್ದು. ತಿಪ್ಪಸಂದ್ರದ ಕಡೆಯ ಈ ಮನುಷ್ಯನ ಒಬ್ಬಳೇ ಮಗಳು ಭಾನುಪ್ರಿಯ, ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಬೇರೆ ಜಾತಿಯ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. "ನಮ್ ಪಾಲ್ಗೆ ಸತ್ತೋದ್ಲು" ಎಂದು ಅಪ್ಪ ತಲೆಗೆ ನೀರು ಹುಯ್ದುಕೊಂಡು ಬಂದಿದ್ದರು. ನಾಳೆಯೇ ಊರಿನ ಬಸ್ ಸ್ಟಾಪಿನಲ್ಲಿ ಬ್ಯಾನರ್ ಕಟ್ಟಬೇಕಂತೆ. ಸುಚಿತ್ರಾ ಮಾಲೀಕನಿಗೆ ಫೋನ್ ಮಾಡಿ ಕೇಳಿದರೆ, "ಬಂದ ಪಾರ್ಟೀನ ವಾಪಸ್ ಕಳಿಸ್ಬೇಡ" ಅಂದಿದ್ದ ಆ ಪುಣ್ಯಾತ್ಮ.

"ಯಜಮಾನ್ರೇ, ಇಷ್ಟ್ ದಪ್ಪ ಅಕ್ಷರ ಶ್ರದ್ಧಾಂಜಲಿಗೆ ಹಾಕಲ್ಲ. ಎಲೆಕ್ಷನ್ ಗೆದ್ದೋರ್ಗೆ, ಹುಟ್ಟಿದಬ್ಬಕ್ಕೆ, ಸೈಟ್ ಮಾರೋರ್ಗೆ ಹಾಕ್ತೀವಿ. ತೀರ್ಕೊಂಡೋರ್ಗೆ ತೆಳ್ಳಗಿರೋದು ಐತೆ, ತೋರಿಸ್ಲಾ?"

ಅವಳ ಆಸೆ ಇಷ್ಟೇ: ಅಕ್ಷರ ಹುಡುಕುವ ನೆಪದಲ್ಲಿ ಹೊತ್ತು ಹೋಗಲಿ, ಈ ಅಪ್ಪನ ಸಿಟ್ಟು ಸ್ವಲ್ಪ ಇಳಿಯಲಿ.

"ತೆಳ್ಳಗಿರೋದು ಬ್ಯಾಡ ಕಣಮ್ಮ. ಊರ್ಗೆಲ್ಲ ಗೊತ್ತಾಗ್ಲಿ."

ಎಂಥ ಅಕ್ಷರ ಅದು! ಒಂದೊಂದು ಗೆರೆಯೂ ಮರದ ದಿಮ್ಮಿಯಷ್ಟು ದಪ್ಪ. ಗೆರೆ ಮುಗಿಯುವಲ್ಲೆಲ್ಲ ಇಟ್ಟಿಗೆ ಇಟ್ಟಂತೆ ಚಚ್ಚೌಕದ ಪಾದ. ತಲೆ ತಗ್ಗಿಸುವ ಜಾಯಮಾನವೇ ಅಲ್ಲ ಅದರದು. ಹೆಸರು ಟೈಪ್ ಮಾಡಿದ್ದೇ ತಡ, ಭಾನುಪ್ರಿಯ ಪರದೆ ತುಂಬ ಕಾಲೂರಿ ನಿಂತುಬಿಟ್ಟಳು. ಮೇಲಿನ ಫೋಟೋದಲ್ಲಿ ಹುಡುಗಿ ಹಲ್ಲು ಕಾಣುವಂತೆ ನಗುತ್ತಿದ್ದಳು. ಅಯ್ಯೋ, ಇವಳನ್ನು ನಾನೇ ಕೈಯಾರೆ ಸಾಯಿಸುತ್ತಿದ್ದೇನಲ್ಲ ಅನ್ನಿಸಿತು ಸುಚಿತ್ರಾಳಿಗೆ.

"ಏನ್ ನೋಡ್ತಾ ಕುಂತೆ? ಮರಣ ಅಂತ ಹಾಕು. ಮೊನ್ನೆ ಸೋಮವಾರ. ಅವ್ಳು ಮದ್ವೆ ಆದ ದಿನ."

ಅಷ್ಟರಲ್ಲಿ ಬಾಗಿಲು ತಳ್ಳಿದ ಸದ್ದಾಯಿತು. ಇಷ್ಟು ಹೊತ್ತು ಹೊರಗೆ ಆಟೋದಲ್ಲೇ ಕೂತಿದ್ದ ರಾಮಲಿಂಗಯ್ಯನವರ ಹೆಂಡತಿ ಕಾವೇರಮ್ಮ ಒಳಗೆ ಬಂದಿದ್ದರು. ಪರದೆ ನೋಡಿದರು. ಈಗ ಗೋಳೋ ಎಂದು ಅಳುತ್ತಾರೆಂದು ಸುಚಿತ್ರಾ ಕುರ್ಚಿ ಎಳೆದು ಕೊಟ್ಟಳು. ಆಕೆ ಕೂರಲಿಲ್ಲ.

"ಪಕ್ದಲ್ಲಿ ಒಸಿ ಜಾಗ ಐತಾ ಮಗಾ?"

"ಯಾಕಮ್ಮಾ?"

"ನನ್ ಫೋಟೋನೂ ಹಾಕ್ಬುಡು. ಇದೇ ದಪ್ಪಕ್ಷರದಲ್ಲಿ ಕಾವೇರಮ್ಮ ಅಂತ ಬರಿ. ಮಗ್ಳೇ ಸತ್ತೋದ್ಮೇಲೆ ಹೆತ್ತೋಳು ಇದ್ಕಂಡು ಏನ್ ಮಾಡ್ಲಿ? ದಿನ ಅದೇ ಸೋಮವಾರ ಇರ್ಲಿ."

"ಏಯ್, ಬಾಯ್ ಮುಚ್ಕಂಡು ಹೋಗಿ ಆಟೋದಲ್ಲಿ ಕುಂತ್ಕೊ!" ರಾಮಲಿಂಗಯ್ಯ ಗದರಿದರು.

ಕಾವೇರಮ್ಮ ಅತ್ತ ತಿರುಗಿಯೂ ನೋಡಲಿಲ್ಲ. "ಫೋಟೋ ಇಲ್ಲ ಕಣವ್ವ ನನ್ ತಾವ. ನಿನ್ ಫೋನಲ್ಲೇ ತಗಿ" ಎಂದವರೇ ಗೋಡೆಗೆ ಬೆನ್ನು ಕೊಟ್ಟು ನಿಂತು ಸೆರಗು ಸರಿಮಾಡಿಕೊಂಡರು. ಕೆದರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದರು.

ಸುಚಿತ್ರಾ ರಾಮಲಿಂಗಯ್ಯನವರ ಮುಖ ನೋಡಿದಳು. ಆಮೇಲೆ ಫೋನ್ ಎತ್ತಿ ಹಿಡಿದಳು.

"ಒತ್ತವ್ವ" ಎಂದರು ಕಾವೇರಮ್ಮ, ಕಣ್ಣು ಮಿಟುಕಿಸದೆ.

ಒತ್ತಿದಳು. ಫೋಟೋದಲ್ಲಿ ಬಂದದ್ದು ಒಂದು ಬಿಳಿ ಅಂಗಿ, ಅದರ ಎರಡು ಗುಂಡಿ, ಅಷ್ಟೇ. ರಾಮಲಿಂಗಯ್ಯ ಹೆಂಡತಿಗೆ ಅಡ್ಡ ಬಂದು ನಿಂತಿದ್ದರು. ಸುಚಿತ್ರಾ ಫೋನ್ ಕೆಳಗಿಳಿಸಿದ ಮೇಲೂ ಅಲ್ಲಿಂದ ಕದಲಲಿಲ್ಲ.