ಆರು ಎಲೆಕೋಸಿನ ವಾರ

ಆ ಮನೆಯಲ್ಲಿ ಆರು ಜನ; ಆರು ಹೊಟ್ಟೆಯೂ ಆರು ದಿಕ್ಕಿಗೆ. ಗಂಡ ಬಸ್ ಓಡಿಸುವವನು, ಬೆಳಗಿನ ಪಾಳಿ ಇದ್ದ ದಿನ ಐದು ಗಂಟೆಗೇ ಊಟದ ಡಬ್ಬಿ ಅವನ ಕೈಯಲ್ಲಿರಬೇಕು. ನಾದಿನಿ ಆಸ್ಪತ್ರೆಯಲ್ಲಿ ನರ್ಸು. ಯಾವ ಹೊತ್ತಿಗೆ ಉಣ್ಣುತ್ತಾಳೆಂಬುದು ಅವಳಿಗೇ ಗೊತ್ತಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಮಾವನಿಗೆ ಹಲ್ಲಿನ ತೊಂದರೆ. ಹತ್ತು ವರ್ಷದ ಮಗಳು ಗುಬ್ಬಿಗೆ ಯಾವ ತೊಂದರೆಯೂ ಇಲ್ಲ, ಆದರೂ ತಟ್ಟೆಯಲ್ಲಿ ಬಟಾಣಿ ಕಂಡರೆ ಒಂದೊಂದನ್ನೇ ಹೆಕ್ಕಿ ಅಂಚಿನಲ್ಲಿ ಸಾಲಾಗಿ ನಿಲ್ಲಿಸುತ್ತಾಳೆ. ಇವರೆಲ್ಲರನ್ನೂ ವಾರಕ್ಕೊಮ್ಮೆ ಒಂದು ಹಾಳೆಯ ಮೇಲೆ ಹೊಂದಿಸಿ ಕೂರಿಸುವ ಕೆಲಸ ಮನೆಯ ಸೊಸೆಯದು. ಆರನೆಯ ಹೊಟ್ಟೆ ಅವಳದೇ. ಅದಕ್ಕೆ ಏನು ಬೇಕೆಂದು ಅವಳು ಪಟ್ಟಿಯಲ್ಲಿ ಬರೆದುಕೊಂಡದ್ದಿಲ್ಲ.

ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯವೊಂದರಲ್ಲಿ ಅವಳು ಕರಡು ತಿದ್ದುತ್ತಿದ್ದಳು. ಅಚ್ಚಿಗೆ ಹೋಗುವ ಮೊದಲು ಪ್ರತಿ ಹಾಳೆಯನ್ನೂ ಓದಿ ತಪ್ಪು ಹಿಡಿಯುವ ಕೆಲಸ. ಮನೆಗೆ ಬಂದ ಮೇಲೂ ಆ ಕಣ್ಣು ಸುಮ್ಮನಿರುತ್ತಿರಲಿಲ್ಲವಾದ್ದರಿಂದ ನಾದಿನಿ ಅವಳಿಗೆ ತಿದ್ದಮ್ಮ ಎಂದು ಹೆಸರಿಟ್ಟಿದ್ದಳು. ಹೆಸರು ಮನೆಗೆಲ್ಲ ಅಂಟಿಕೊಂಡಿತು.

ತಿದ್ದಮ್ಮ ಶುಕ್ರವಾರ ಸಂಜೆ ಪಟ್ಟಿ ಬರೆಯುತ್ತಿದ್ದಳು, ಶನಿವಾರ ತಾನೇ ಹೋಗಿ ತರುತ್ತಿದ್ದಳು. ಹಾಳೆಯ ಎಡಕ್ಕೆ ಏಳು ದಿನದ ಅಡುಗೆ. ಬಲಕ್ಕೆ ಅದಕ್ಕೆ ಬೇಕಾದ ಸಾಮಾನು, ಅಂಗಡಿಯೊಳಗೆ ನಡೆಯುವ ಕ್ರಮದಲ್ಲೇ. ಮೊದಲು ತರಕಾರಿ, ತಿರುವಿನಲ್ಲಿ ಬೇಳೆಕಾಳು, ಕೊನೆಗೆ ಹಾಲು, ಮೊಟ್ಟೆ. ಒಮ್ಮೆ ಮಾತ್ರ ಗಂಡನನ್ನು ಕಳಿಸಿದ್ದಳು. ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಖಾಲಿ ಚೀಲ ಬೀಸಿಕೊಂಡು ಬಂದು, "ರಶ್ಶು ಇತ್ತು" ಎಂದಿದ್ದ. ಅದಾಗಿ ಐದು ವರ್ಷ.

ಆ ವಾರ ಮ್ಯಾನೇಜರು ಅವಳನ್ನು ಕರೆದು, ಕರಡು ವಿಭಾಗವನ್ನು ಇನ್ನು ನೀವೇ ನೋಡಿಕೊಳ್ಳಿ ಎಂದರು. ಹನ್ನೊಂದು ವರ್ಷದಿಂದ ಬಾಯಿಬಿಟ್ಟು ಕೇಳದೆ ಕಾದಿದ್ದ ಮಾತು. ಆದರೆ ವಿಭಾಗ ನೋಡಿಕೊಳ್ಳುವವರಿಗೆ ಶನಿವಾರ ರಜೆಯಿಲ್ಲ. ವಾರದ ಕೊನೆಯ ಹಾಳೆಗಳು ಅಚ್ಚಿಗೆ ಇಳಿಯುವುದೇ ಅಂದು. "ಈ ಶನಿವಾರ ಬಂದು ಕೂತು ನೋಡಿ. ಸೋಮವಾರ ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ" ಎಂದಿದ್ದರು.

ಹೂಂ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ತಾನಿಲ್ಲದೆ ಶನಿವಾರ ನಡೆಯುತ್ತದೆಯೇ ಎಂಬುದೊಂದೇ ಅಡ್ಡ ನಿಂತಿತ್ತು.

"ನಾನು ತರ್ತೀನಿ ಬಿಡು," ಎಂದ ಗಂಡ. "ದಿನಾ ಅರವತ್ತು ಜನರನ್ನ ಕೂರಿಸ್ಕೊಂಡು ಊರೆಲ್ಲಾ ಸುತ್ತಿಸೋನಿಗೆ ನಾಲ್ಕು ಟೊಮೆಟೊ ತರೋಕೆ ಆಗಲ್ವಾ?"

"ನಾಲ್ಕಲ್ಲ ರೀ, ಎರಡು ಕಿಲೋ."

"ನೋಡು, ಆಗ್ಲೇ ತಿದ್ದಿಬಿಟ್ಟೆ!"

ಅವನು ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದ. ಆ ಅಂಗಿ ಒಗೆಯುವ ಬುಟ್ಟಿಗೆ ಬಿದ್ದರೆ ಗತಿಯೇನು ಎಂದು ಅವಳು ಆಗಲೇ ಲೆಕ್ಕ ಹಾಕಿದಳು.

ಮುದ್ರಣಾಲಯದಲ್ಲಿ ಒಂದು ಹಾಳೆಯನ್ನು ಒಬ್ಬರೇ ಓದಿ ಬಿಟ್ಟುಕೊಡುವುದಿಲ್ಲ. ಒಬ್ಬರಿಗೆ ತಪ್ಪಿಸಿಕೊಂಡದ್ದು ಇನ್ನೊಬ್ಬರಿಗೆ ಸಿಗಲೆಂದು ಮೂವರು ಓದುತ್ತಾರೆ. ಬೇರೆಯವರೂ ಓದುತ್ತಿದ್ದಾರೆಂದು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಕಣ್ಣು ಸಡಿಲವಾಗುತ್ತದೆ. ತಿದ್ದಮ್ಮನ ಕೈ ಅದೇ ಅಭ್ಯಾಸಕ್ಕೆ ಹೋಯಿತು. ಪಟ್ಟಿಯ ಇನ್ನೊಂದು ಪ್ರತಿ ಬರೆದು, ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದ ಮಾವನ ಮುಂದೆ ಹಿಡಿದಳು.

"ಮಾವ, ಅಕಸ್ಮಾತ್ ಇವರು ಮರೆತ್ರೆ ಅಂತ. ಅವರಿಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾರೆ."

"ಮರೆತ್ರೆ ಏನಮ್ಮ, ಮರೀತಾನೆ. ಹುಟ್ಟಿದಾಗಿಂದ ನೋಡಿಲ್ವಾ ನಾನು?"

ಮಾವನ ಕಾಲುನೋವು ನೆನಪಾಯಿತು. ನಾದಿನಿಯ ಫೋನಿಗೂ ಪಟ್ಟಿಯ ಚಿತ್ರ ಕಳಿಸಿದಳು. "ಅತ್ತಿಗೆ, ಡ್ಯೂಟಿ ಮುಗಿಸಿ ಬರ್ತಾ ತಂದುಬಿಡ್ತೀನಿ. ನೀವು ತಲೆ ಕೆಡಿಸ್ಕೋಬೇಡಿ. ಅಣ್ಣನ್ನ ನಂಬೋದೂ ಒಂದೇ, ಸೋರೋ ಬಕೆಟ್ ನಂಬೋದೂ ಒಂದೇ" ಎಂದು ಉತ್ತರ ಬಂತು.

ಶನಿವಾರ ಅವಳು ಮುಖ್ಯಸ್ಥರ ಕುರ್ಚಿಯಲ್ಲಿ ಕೂತಳು. ಮನೆಗೆ ಕರೆ ಮಾಡಲು ನಾಲ್ಕು ಸಲ ಫೋನ್ ಎತ್ತಿ, ನಾಲ್ಕು ಸಲವೂ ಕೆಳಗಿಟ್ಟಳು. ಮಧ್ಯಾಹ್ನ ವಿಜ್ಞಾನದ ಪುಸ್ತಕ ಬಂತು. ಮೂವರು ಓದಿ ದಾಟಿಸಿದ್ದ ಹಾಳೆಯಲ್ಲಿ ಎಲೆಯ ಚಿತ್ರದ ಕೆಳಗೆ ಬೇರಿನ ವಿವರಣೆ ಕೂತಿತ್ತು. ಅವಳು ಕೆಂಪು ಗೆರೆ ಎಳೆದು ಹಾಳೆಯನ್ನು ವಾಪಸು ಕಳಿಸಿದಾಗ, ಯಂತ್ರದ ಮುಂದೆ ಕಾಯುತ್ತಿದ್ದ ಅಚ್ಚಿನವನು "ಬಚಾವಾದ್ವಿ ಮೇಡಂ" ಎಂದ. ಆಮೇಲೆ ಎರಡು ಗಂಟೆ ಅವಳಿಗೆ ಮನೆಯ ನೆನಪೇ ಬರಲಿಲ್ಲ.

ಸಂಜೆ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಊಟದ ಮೇಜಿನ ಮೇಲೆ ಆರು ಎಲೆಕೋಸು. ಪಕ್ಕದಲ್ಲಿ ಟೊಮೆಟೊ ರಾಶಿ, ಮೂವತ್ತು ಮೊಟ್ಟೆಯ ಮೂರು ಟ್ರೇ. ಫ್ರಿಜ್ಜಿನ ಬಾಗಿಲು ಮುಚ್ಚಿ ನಿಲ್ಲದ್ದರಿಂದ ಅದಕ್ಕೆ ಕುರ್ಚಿ ಒತ್ತಿ ಇಟ್ಟಿದ್ದರು. ಗಂಡ, ಮಾವ, ನಾದಿನಿ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮನೆಯಲ್ಲೇ ಬಟ್ಟೆ ಹೊಲಿಯುವ ಅತ್ತೆ, ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ, ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಬಾಮ್ಮ ಬಾ. ಇನ್ನು ಅಂಗಡಿಗೆ ಹೋಗೋ ಕೆಲಸವೇ ಇಲ್ಲ, ಅಂಗಡೀನೇ ಮನೆಗೆ ಬಂದಿದೆ. ಒಬ್ಬರ ಹಿಂದೆ ಒಬ್ಬರು ಬಂದ್ರು ನೋಡು, ಹತ್ತು ನಿಮಿಷದೊಳಗೆ ಮೂರು ಮೆರವಣಿಗೆ!"

"ನಾನು ಡ್ಯೂಟಿ ಇಳಿದು ನೇರ ಅಂಗಡಿಗೆ ಹೋಗಿದೀನಿ," ಎಂದ ಗಂಡ. "ಇವರಿಗೆಲ್ಲ ಯಾರು ಹೇಳಿದ್ದು ಅಂತ?"

"ಮಧ್ಯಾಹ್ನ ಒಂದಾದ್ರೂ ನಿನ್ನ ಸುಳಿವಿಲ್ಲ," ಎಂದರು ಮಾವ. "ಮಾರ್ಕೆಟ್ಟಿಗೆ ಆಟೋ ಹಿಡಿದೆ."

ನಾದಿನಿ ಅತ್ತಿಗೆಯ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಿದ್ದಮ್ಮ ಸುಮ್ಮನೆ ತನ್ನ ಕೈಚೀಲದ ಜಿಪ್ಪು ಎಳೆದು ಮುಚ್ಚಿದಳು.

"ನಾನೇ," ಎಂದಳು.

ಮುಗಿಯಿತು, ಸೋಮವಾರ ಊಹೂಂ, ಎಂದುಕೊಂಡೇ ಅವಳು ಮೇಜಿನ ಹತ್ತಿರ ಹೋದಳು. ಅಭ್ಯಾಸದಂತೆ ಏನು ತಪ್ಪಿದೆ ಎಂದು ಹುಡುಕಿದಳು. ಗಂಡ ತಂದದ್ದರಲ್ಲಿ ಬೇಳೆ, ಈರುಳ್ಳಿ, ಮೊಸರು, ಅತ್ತೆಯ ಸಕ್ಕರೆಯಿಲ್ಲದ ಬಿಸ್ಕತ್ತು ಸಹ ಇತ್ತು. ಮಾವ ತಂದ ಟೊಮೆಟೊಗಳಲ್ಲಿ ಒಂದೂ ಜಜ್ಜಿಹೋಗಿಲ್ಲ. ನಾದಿನಿ ಮೊಟ್ಟೆಯನ್ನು ಕೊನೆಗೇ ತೆಗೆದುಕೊಂಡಿದ್ದಳು, ಒಂದೂ ಒಡೆದಿಲ್ಲ. ಅವಳು ಎರಡನೆಯ ಸಲ ನೋಡಿದಳು. ಮೂರು ಪ್ರತಿಯಲ್ಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಹಂಚಿದವಳಲ್ಲಿ.

"ಹಾಗಾದ್ರೆ ನನ್ನ ಮೇಲೆ ನಂಬಿಕೆ ಇರ್ಲಿಲ್ಲ," ಎಂದ ಗಂಡ. ಧ್ವನಿಯಲ್ಲಿ ಸ್ವಲ್ಪ ನೋವಿತ್ತು.

ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಇರ್ಲಿಲ್ಲ ರೀ. ರಶ್ಶು ಇತ್ತು ಅಂದಿದ್ರಿ."

"ಐದು ವರ್ಷದ ಹಿಂದಿನ ರಶ್ಶು ಇನ್ನೂ ಕರಗಿಲ್ವಾ ಮಾರಾಯ್ತಿ!"

ಮೊದಲು ನಕ್ಕವಳು ಗುಬ್ಬಿ. ಆಮೇಲೆ ಎಲ್ಲರೂ ನಕ್ಕರು; ಕೊನೆಗೆ ನಿಲ್ಲಿಸಿದವರು ಯಾರೋ ಗೊತ್ತಿಲ್ಲ.

"ಪಕ್ಕಕ್ಕೆ ಸರೀರಿ ಎಲ್ಲಾ," ಎಂದು ಮಾವ ಅಂಗಿಯ ತೋಳು ಮಡಚಿದರು. ನಿವೃತ್ತಿಗೆ ಮುಂಚೆ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯ ಉಗ್ರಾಣ ಅವರ ಕೈಯಲ್ಲಿತ್ತು. "ಇನ್ನೂರು ರೋಗಿಗಳಿಗೆ ಉಣಿಸಿದೋನು, ಆರು ಎಲೆಕೋಸಿಗೆ ಹೆದರ್ತೀನಾ? ಇವತ್ತು ಏನು ತಿನ್ನೋಣ ಅಂತ ಕೇಳ್ಬಾರದು. ಮೊದಲು ಯಾವುದು ಕೆಡುತ್ತೆ ಅಂತ ಕೇಳ್ಬೇಕು. ಗುಬ್ಬಿ, ಹಾಳೆ ತಾ."

ತಿದ್ದಮ್ಮನ ಪಟ್ಟಿಯನ್ನು ಅವರು ತಿರುಗಿಸಿಟ್ಟರು. ಸೊಪ್ಪು ಇಂದು, ನಾಳೆ. ಟೊಮೆಟೊವನ್ನು ಕುದಿಸಿ ಗಟ್ಟಿ ಮಾಡಿ ಜಾಡಿಗೆ. ಎರಡು ಎಲೆಕೋಸು, ಒಂದು ಟ್ರೇ ಮೊಟ್ಟೆ ಕೆಳಗಿನ ಮನೆಯವರಿಗೆ. ಬೇಳೆ ಎಲ್ಲಿಗೂ ಓಡಿ ಹೋಗುವುದಿಲ್ಲ, ಅದರ ಮಾತು ಬೇಡ.

"ಎಲೆಕೋಸು ವಾರಕ್ಕೆ ಮೂರು ದಿನಾನಾ?" ಎಂದಳು ನಾದಿನಿ. "ಅಪ್ಪ, ನಾವು ಮೊಲ ಅಲ್ಲ."

"ಒಂದಿನ ಸೂಪು, ಒಂದಿನ ಆಲೂಗಡ್ಡೆ ಜೊತೆ ಬೇಯಿಸೋದು, ಒಂದಿನ ಮೊಟ್ಟೆಗೆ ಹೆಚ್ಚಿ ಹಾಕೋದು. ನಿನಗೆ ಗೊತ್ತೂ ಆಗಲ್ಲ."

"ನನ್ನ ಬಟಾಣಿ ಬೇರೆ ಬಟ್ಟಲಲ್ಲಿ ಇಡಿ," ಎಂದಳು ಗುಬ್ಬಿ.

"ಇಡೋಣ. ಆದ್ರೆ ಬಟ್ಟಲು ಖಾಲಿ ಆಗ್ಬೇಕು."

ತಿದ್ದಮ್ಮ ನೋಡುತ್ತಾ ನಿಂತಿದ್ದಳು. ಮಂಗಳವಾರದ ಸಾಲಿನಲ್ಲಿ ಅವಳ ಕಣ್ಣು ನಿಂತಿತು: ಅಂದು ಗಂಡನಿಗೆ ಬೆಳಗಿನ ಪಾಳಿ, ಮಾವ ಸೂಪು ಬರೆದಿದ್ದರು. ಸೂಪನ್ನು ಬಸ್ಸಿನಲ್ಲಿ ಹೇಗೆ ಒಯ್ಯುತ್ತಾನೆ? ಬಾಯಿ ತೆರೆದಳು. ತುಟಿಯ ತನಕ ಬಂದ ಮಾತನ್ನು ನುಂಗಿ, ಮೇಜಿನ ಅಂಚು ಹಿಡಿದುಕೊಂಡಳು. ಮಾವ ಬುಧವಾರಕ್ಕೆ ಹೋದರು.

"ಅಪ್ಪಾ, ಒಂದು ನಿಮಿಷ," ಎಂದ ಗಂಡ. "ಮಂಗಳವಾರ ಐದಕ್ಕೆ ಹೊರಡ್ತೀನಿ. ಸೂಪು ರಾತ್ರಿಗೆ ಇಡಿ. ಡಬ್ಬಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ ಸಾಕು. ಹಿಂದಿನ ದಿನ ನಾನೇ ಬೇಯಿಸಿಟ್ಕೋತೀನಿ."

ಮಾವ ಹೊಡೆದು ಬರೆದರು. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ. ತಿದ್ದಮ್ಮ ಒಂದು ಕುರ್ಚಿ ಎಳೆದುಕೊಂಡು ಕೂತಳು. ಅತ್ತೆ ಅವಳ ಮುಂದೆ ಟೀ ಲೋಟ ಇಟ್ಟು, "ನಿಂಗೇನು ಬೇಕು ಅಂತ ಯಾರೂ ಕೇಳ್ಲಿಲ್ಲ ನೋಡು. ಹೇಳು, ಶುಕ್ರವಾರ ಖಾಲಿ ಇದೆ" ಎಂದರು.

ಅವಳು ಬಹಳ ಯೋಚಿಸಿ, "ಖಾರವಾಗಿ ಏನಾದ್ರೂ," ಎಂದಳು. ಮಾವ ಹಾಗೆಯೇ ಬರೆದುಕೊಂಡರು.

ಸೋಮವಾರ ಮ್ಯಾನೇಜರಿಗೆ ಹೂಂ ಎಂದಳು.

"ಮನೇಲಿ ತೊಂದರೆ ಆಗಲ್ವಲ್ಲ?" ಎಂದು ಅವರು ಕೇಳಿದರು.

"ಆಗುತ್ತೆ ಸರ್. ಆದ್ರೆ ಯಾರೂ ಉಪವಾಸ ಬೀಳಲ್ಲ."

ಎಂದವಳೇ ಮೇಜಿನ ಮೇಲಿದ್ದ ಹೊಸ ಹಾಳೆಗಳ ಕಟ್ಟನ್ನು ಎಳೆದುಕೊಂಡಳು. ಮೂರನೆಯ ಸಾಲಿನಲ್ಲೇ ಒಂದು ತಪ್ಪು ಸಿಕ್ಕಿತು.