ಹಗೇವಿನ ಗಾಳಿ

ತೊಂಬತ್ಮೂರರ ಯುಗಾದಿಗೆ ಮುಂಚೆ ಆದಪ್ಪ ಉತ್ತರ ಭಾರತದ ಒಂದು ಪ್ರಯೋಗಾಲಯದಿಂದ ಸಿಂಧನೂರಿಗೆ ವಾಪಸಾದಾಗ ಕೈಯಲ್ಲಿದ್ದದ್ದು ಒಂದು ಬಿಸ್ಕತ್ತಿನ ಡಬ್ಬಿ. ಒಳಗೆ ಬೆಳ್ಳಿಕಾಗದ ಸುತ್ತಿದ ಪ್ಲಾಸ್ಟಿಕ್ ಬಿಲ್ಲೆಗಳು. ನಾವಿಬ್ಬರೂ ಒಂದೇ ಕಾಲೇಜಿನ ಮೇಷ್ಟ್ರುಗಳು. ಅವನದು ಭೌತಶಾಸ್ತ್ರ, ನನ್ನದು ರಸಾಯನಶಾಸ್ತ್ರ. ಇಂಥವು ನಮ್ಮ ಲಿಂಗಸೂಗೂರಿನ ಚಸ್ಮದ ಅಂಗಡಿಯಲ್ಲಿ ಹಿಡಿಗಟ್ಟಲೆ ಸಿಗುತ್ತವಲ್ಲೋ, ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಎಂದು ಕಾಡಿಸಿದೆ. ಚಸ್ಮದ ಪ್ಲಾಸ್ಟಿಕ್ಕೇ ಹೌದು ಎಂದನೇ ಹೊರತು ನಗಲಿಲ್ಲ.

ಆಮೇಲೆ ಬಿಡಿಸಿ ಹೇಳಿದ. ತೆಳ್ಳನೆಯ ಲೋಹದ ಹಾಳೆಗೆ ಲೇಸರ್ ಬೆಳಕಿನ ಏಟು ಬಿದ್ದರೆ ಅದರಿಂದ ಕಣಗಳು ಸಿಡಿದು ಓಡುತ್ತವೆ. ಎಷ್ಟು ಕಣ, ಎಂಥ ವೇಗ? ಅದನ್ನು ಅಳೆಯಲು ಅವುಗಳ ದಾರಿಗೆ ಈ ಬಿಲ್ಲೆ ಹಿಡಿಯುತ್ತಾರೆ. ಹೊಕ್ಕ ಪ್ರತಿ ಕಣವೂ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ. ಬಿಲ್ಲೆಯನ್ನು ಕಾಸ್ಟಿಕ್ ಸೋಡಾದ ಬಿಸಿನೀರಲ್ಲಿ ತಾಸುಗಟ್ಟಲೆ ಇಟ್ಟರೆ ಗಾಯ ಅಗಲವಾಗಿ ಕುಳಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಕುಳಿ ನೋಡಿ ಕಣದ ವೇಗ ಹೇಳಬಹುದು.

ರಜೆ ಮುಗಿದು, ಕೆಲಸಕ್ಕೆ ಹಾಜರಾಗದಿದ್ದರೆ ನೌಕರಿ ಹೋಗುತ್ತದೆಂಬ ಹೆದರಿಕೆಗೆ ಅವನು ಅಳತೆ ಮುಗಿಯದೆಯೇ ಬಂದುಬಿಟ್ಟಿದ್ದ. ಉಳಿದದ್ದನ್ನು ಊರಲ್ಲೇ ಮಾಡಿ ಲೆಕ್ಕ ಕಳಿಸು, ಪಿಎಚ್‌ಡಿಯೂ ಆಗುತ್ತದೆ, ಇಲ್ಲಿ ಜಾಗವೂ ಸಿಗುತ್ತದೆ ಎಂದಿದ್ದರಂತೆ ಅವನ ಗುರುಗಳು. ಆ ಹಳೆಯ ಲೇಸರನ್ನು ಅದೇ ಬೇಸಿಗೆಯಲ್ಲಿ ಬಿಚ್ಚಿಹಾಕುವವರಿದ್ದರು. ಅಂದರೆ ಇನ್ನೊಮ್ಮೆ ಏಟು ಹೊಡೆಯುವ ಮಾತೇ ಇಲ್ಲ. ಇದ್ದದ್ದು ಆ ಡಬ್ಬಿ ಒಂದೇ.

ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟು ನೆಚ್ಚಿಕೊಂಡು ಒಂದು ಲೋಟ ನೀರೂ ಕಾಯಿಸುವಂತಿಲ್ಲ. ಸೋಡಾದ ನೀರಿನ ಬಿಸಿ ಏರುಪೇರಾದರೆ ಕುಳಿಯ ಲೆಕ್ಕವೇ ತಪ್ಪುತ್ತದೆ. ಮಳೆಗಾಲ ಕಳೆಯಲಿ ಎಂದುಕೊಂಡೆವು. ಆದರೆ ಅಲ್ಲಿವರೆಗೆ ಬಿಲ್ಲೆಗಳನ್ನು ಇಡುವುದೆಲ್ಲಿ? ಸೆಕೆಗೆ ಗಾಯಗಳು ಮಾಸುತ್ತವೆ, ಅವನಿದ್ದದ್ದು ತಗಡಿನ ಖೋಲಿ. ಕೊನೆಗೆ ಮಸ್ಕಿಯ ಮನೆಗೆ ಒಯ್ದ. ನಾನೂ ಜೊತೆಗಿದ್ದೆ.

ಅವನವ್ವ ಗ್ಯಾನಮ್ಮ ತಾನಾಗೇ ದಾರಿ ತೋರಿಸಿದಳು. ಅಂಗಳದಲ್ಲಿ ಅವರ ಹಗೇವು ಇತ್ತು, ಜೋಳ ತುಂಬಿಡುವ ನೆಲದೊಳಗಿನ ಕಣಜ. ಗುಡ್ಡದ ಬುಡದ ಬಂಡೆಯಲ್ಲೇ ಕಡಿದದ್ದು. ಎಂಥ ಬೇಸಿಗೆಯಲ್ಲೂ ಒಳಗೆ ತಂಪು. ಆ ಮನೆಯಲ್ಲಿ ಕೆಡಬಾರದ್ದನ್ನೆಲ್ಲ ಇಡುತ್ತಿದ್ದದ್ದು ಅಲ್ಲೇ. ಬಾಯಿ ತೆರೆದು ಒಂದು ಹೊತ್ತು ಬಿಟ್ಟಳು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟಳು, ದೀಪ ಆರಲಿಲ್ಲ ಅಂದಮೇಲೆ ಮಗನನ್ನು ಇಳಿಸಿದಳು. ಒಳಗಿನ ಗಾಳಿ ಬಿಲ್ಲೆಗೇನಾದರೂ ಮಾಡೀತಾ ಎಂದು ನಾನೇ ಕೇಳಿದೆ.

"ಹಗೇವಿನ ಗಾಳಿ ಮನಷ್ಯಾಗ ಕೆಟ್ಟದ್ದಪಾ ಜಿಲಾನಿ, ಸಾಮಾನಿಗೇನು ಮಾಡ್ತೈತಿ?" ಎಂದಳು.

ಸರಿಯಾದ ಮಾತೇ ಅನ್ನಿಸಿತು. ಡಬ್ಬಿ, ಬೆಳ್ಳಿಕಾಗದ ಎಲ್ಲ ಒಳಗೆ ಬೆವರುತ್ತವೆ, ಬಟ್ಟೆಯಾದರೆ ಒಳ್ಳೆಯದು ಎಂದಳು. ಆದಪ್ಪ ತನ್ನ ಕೈಯಾರೆ ಕಾಗದ ಬಿಚ್ಚಿ, ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಬೇವಿನೆಲೆಯೊಂದಿಗೆ ಕಟ್ಟಿ ಇಟ್ಟ. ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತಿದರು.

ದಸರೆ ಮುಗಿದ ಮೇಲೆ ತೆಗೆದೆವು. ಬಿಲ್ಲೆಗಳು ಫಳಫಳ ಹೊಳೆಯುತ್ತಿದ್ದವು, ಬೇವಿನ ವಾಸನೆ ಬೇರೆ. ಕಾಲೇಜಿನಲ್ಲಿ ಸೋಡಾದ ಕೆಲಸ ನನ್ನದು. ಕರೆಂಟು ಎಂದೂ ಇಲ್ಲದ ಹಾಗೆ ಇಡೀ ದಿನ ಇತ್ತು. ಮೊದಲ ಬಿಲ್ಲೆ ತೊಳೆದು ಕೊಟ್ಟೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಕುಳಿಗಳು ಬಂದಿವೆಯೇನೋ ಎಂದೆ. ಬಂದಾವ, ಬರಬೇಕಾದ್ದಕ್ಕಿಂತ ಹೆಚ್ಚೇ ಬಂದಾವ ಎಂದ.

ಆಮೇಲೆ ಇನ್ನೊಂದನ್ನು ತೊಳೆಸಿದ. ಅದು ಲೇಸರಿನ ಮುಂದೆ ಹಿಡಿಯದೇ ಇದ್ದದ್ದು, ಹೋಲಿಸಿ ನೋಡಲಿಕ್ಕೆಂದು ತಂದ ಖಾಲಿ ಬಿಲ್ಲೆ. ಅದರಲ್ಲಿ ಏನೂ ಇರಬಾರದು. ನಾನೂ ಬಗ್ಗಿ ನೋಡಿದೆ. ಸಿಡುಬಿನ ಮುಖದ ಹಾಗೆ ಮೈತುಂಬ ಕುಳಿ, ಒಂದರ ಮೇಲೊಂದು.

"ಇದು ಕಲ್ಲಿಂದು ಜಿಲಾನಿ," ಎಂದ. "ನಮ್ಮ ಬಂಡ್ಯಾಗ ಯುರೇನಿಯಂ ಅಂಶ ಇರ್ತದ. ಅದರಿಂದ ರೇಡಾನ್ ಗಾಳಿ ಹುಟ್ಟತದ, ಅದೂ ಇಂಥವೇ ಕಣ ಸಿಡಸ್ತದ. ಬಾಯಿ ಮುಚ್ಚಿದ ಹಗೇವಿನಾಗ ಅದು ಎಲ್ಲಿಗೆ ಹೋಗಬೇಕು? ಬೆಳ್ಳಿಕಾಗದ ಇದ್ದಿದ್ರ ತಡೀತಿತ್ತು. ಇದನ್ನೆಲ್ಲ ಪುಸ್ತಕದಾಗ ಓದೀನಿ. ನಮ್ಮನಿ ಹಗೇವು ನೆನಪಿಗೆ ಬರಲಿಲ್ಲ ನೋಡು."

ಲೇಸರಿನ ಕುಳಿ ಯಾವುದು, ಮಸ್ಕಿಯ ಕಲ್ಲಿನದು ಯಾವುದು, ಬೇರೆ ಮಾಡಲು ಒಂದು ತಿಂಗಳು ಒದ್ದಾಡಿದ. ಆಗಲಿಲ್ಲ. ಗುರುಗಳಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದ. ಅತ್ತಲಿಂದ ಒಂದು ಮಾತೂ ಬರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂದಿತ್ತು. ಗ್ಯಾನಮ್ಮನ ಮೇಲೆ ಮಾಡುವಂತಿಲ್ಲ, ಅವನ ಮೇಲೆ ಮಾಡಲು ಮನಸ್ಸಿಲ್ಲ. ಬಂಡೆಯ ಮೇಲೆ ಸಿಟ್ಟು ಮಾಡಿ ಏನು ಬಂತು?

ಸಂಕ್ರಾಂತಿಗೆ ಮಸ್ಕಿಗೆ ಹೋದೆವು. ಗ್ಯಾನಮ್ಮ ರೊಟ್ಟಿ ಬಡಿಯುತ್ತ, ಓಣಿಯವರಿಗೆಲ್ಲ ಹೇಳಿದ್ದನ್ನೇ ನನಗೂ ಹೇಳಿದಳು: ಮಗ ಪರದೇಶದಂಥ ಊರಿಂದ ತಂದದ್ದನ್ನು ಕಾಯ್ದದ್ದು ತಮ್ಮ ಹಗೇವು. ನಾನು ತಟ್ಟೆ ನೋಡುತ್ತ ಕೂತೆ.

"ಒಂದೂ ಕೆಟ್ಟಿಲ್ಲಲ್ಲಪಾ?" ಎಂದು ಮಗನನ್ನು ಕೇಳಿದಳು.

"ಇಲ್ಲಬೇ," ಎಂದ ಆದಪ್ಪ. "ಇಟ್ಟಂಗ ಇದ್ವು."

ಅವಳ ಮುಖ ಅರಳಿತು. ಮುಂದಿನ ಸಲ ತಂದಾಗಲೂ ಅಲ್ಲೇ ಇಡೋಣ, ಆ ಮೂಲೆಯಲ್ಲಿ ಜೋಳ ಹಾಕದೆ ಖಾಲಿ ಬಿಟ್ಟಿದ್ದೇನೆ ಎಂದಳು. ಆದಪ್ಪ ಆಗಲಿ ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.